ಪಿಂಗ್ (ಪದ)

'''ಪಿಂಗ್''' ಎಂಬುದು ಇಂಗ್ಲಿಷ್ ಭಾಷೆಯ ಒಂದು ಅನುಕರಣ ಪದ. ಲೋಹಕ್ಕೆ ಗಟ್ಟಿಯಾದ ಸಣ್ಣ ವಸ್ತುವೊಂದು ತಗುಲಿದಾಗ ಹೊಮ್ಮುವ ಚಿಕ್ಕ, ಚೂಪಾದ, ಸ್ವಲ್ಪ ಹೊತ್ತು ಅನುರಣಿಸುವ ಸದ್ದನ್ನು ಇದು ಸೂಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಂದೂಕಿನ ಗುಂಡಿನ ಸದ್ದನ್ನು ಹೇಳಲು ಬಳಕೆಗೆ ಬಂದ ಈ ಪದವು ಬಳಿಕ ಮೇಜಿನ ಮೇಲಿನ ಚೆಂಡಾಟ, ಜಲಾಂತರ್ಗಾಮಿಗಳ ಪತ್ತೆ, ಕಂಪ್ಯೂಟರ್ ಜಾಲ, ವಿಮಾನ ಅಪಘಾತಗಳ ತನಿಖೆ ಮತ್ತು ದಿನನಿತ್ಯದ ಸಂದೇಶ ವಿನಿಮಯದವರೆಗೆ ಹಬ್ಬಿತು. ಈ ಪಯಣದಲ್ಲಿ ಪದದ ಅರ್ಥವು ಸದ್ದಿನಿಂದ ಪ್ರಶ್ನೆಗೆ ಬದಲಾಯಿತು. ಇಂದು ಪಿಂಗ್ ಎಂದರೆ ಬಹುಪಾಲು ಸಂದರ್ಭಗಳಲ್ಲಿ "ಅಲ್ಲಿ ಯಾರಾದರೂ ಇದ್ದಾರೆಯೇ?" ಎಂದು ಕೇಳಿ ಉತ್ತರಕ್ಕಾಗಿ ಕಾಯುವ ಕ್ರಿಯೆ.

== ವ್ಯುತ್ಪತ್ತಿ ==
ಪಿಂಗ್ ಪದಕ್ಕೆ ಬೇರೆ ಭಾಷೆಯ ಮೂಲವಿಲ್ಲ. ಅದು ಸದ್ದಿನ ನೇರ ಅನುಕರಣೆ. ಮೊದಲು ನಾಮಪದವಾಗಿ ಬಳಕೆಗೆ ಬಂದು, ಅದೇ ಶತಮಾನದ ನಡುಭಾಗದ ಹೊತ್ತಿಗೆ ಕ್ರಿಯಾಪದವೂ ಆಯಿತು. ಯಾವ ಪ್ರತ್ಯಯವನ್ನೂ ಸೇರಿಸದೆ ನಾಮಪದವನ್ನು ಕ್ರಿಯಾಪದವಾಗಿ ಬಳಸುವುದು ಇಂಗ್ಲಿಷಿನಲ್ಲಿ ಸಾಮಾನ್ಯ. ಈ ಪದವು ಮುಂದೆ ಹಲವು ಕ್ಷೇತ್ರಗಳಿಗೆ ಸುಲಭವಾಗಿ ಹೊಂದಿಕೊಳ್ಳಲು ಈ ಗುಣವೂ ಒಂದು ಕಾರಣ.

ಇದೇ ರೂಪದ ಇನ್ನೊಂದು ಹಳೆಯ ಕ್ರಿಯಾಪದ ಇಂಗ್ಲಿಷಿನಲ್ಲಿತ್ತು. ಚುಚ್ಚು, ತಿವಿ ಎಂಬರ್ಥದ ಆ ಪದವು ಹಳೆಯ ಇಂಗ್ಲಿಷಿನ "ಪಿಂಗನ್" ಎಂಬುದರಿಂದ ಬಂದದ್ದು. ಅದರ ಮೂಲ ಲ್ಯಾಟಿನ್ನಿನ "ಪುಂಗೆರೆ". ಅದಕ್ಕೂ ಸದ್ದಿನ ಪಿಂಗ್ ಪದಕ್ಕೂ ಸಂಬಂಧವಿಲ್ಲ.

== ಧ್ವನಿರಚನೆ ==
ಪಿಂಗ್ ಪದದ ಮೂರು ಧ್ವನಿಗಳು ಸದ್ದಿನ ಮೂರು ಹಂತಗಳನ್ನು ಹೋಲುತ್ತವೆ. ತುಟಿಗಳನ್ನು ಮುಚ್ಚಿ ಫಕ್ಕನೆ ತೆರೆದು ಉಚ್ಚರಿಸುವ "ಪ" ಕಾರವು ಹೊಡೆತದ ಹಠಾತ್ ಆರಂಭವನ್ನೂ, "ಇ" ಸ್ವರವು ಸದ್ದಿನ ಎತ್ತರದ ಸ್ಥಾಯಿಯನ್ನೂ, ಕೊನೆಯ ಅನುನಾಸಿಕವು ಲೋಹದ ಅನುರಣನವನ್ನೂ ಸೂಚಿಸುತ್ತವೆ.

ಸ್ವರವನ್ನು ಬದಲಿಸಿದರೆ ಸದ್ದಿನ ಗಾತ್ರವೂ ಬದಲಾದಂತೆ ಕೇಳುತ್ತದೆ. "ಪಿಂಗ್" ಸಣ್ಣದು, "ಪಾಂಗ್" ಅದಕ್ಕಿಂತ ತಗ್ಗಿನದು ಮತ್ತು ದಪ್ಪನೆಯದು. "ಡಿಂಗ್-ಡಾಂಗ್", "ಟಿಕ್-ಟಾಕ್" ಮುಂತಾದ ಜೋಡಿಪದಗಳಲ್ಲಿಯೂ "ಇ" ಸ್ವರವೇ ಮೊದಲು ಬರುತ್ತದೆ. ಸ್ವರಕ್ಕೂ ಗಾತ್ರದ ಭಾವನೆಗೂ ಇರುವ ಈ ನಂಟನ್ನು ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1929ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಪರೀಕ್ಷಿಸಿದರು. "ಮಿಲ್" ಮತ್ತು "ಮಾಲ್" ಎಂಬ ಅರ್ಥವಿಲ್ಲದ ಪದಗಳನ್ನು ನೀಡಿ, ಇವುಗಳಲ್ಲಿ ಯಾವುದು ದೊಡ್ಡ ಮೇಜು, ಯಾವುದು ಚಿಕ್ಕ ಮೇಜು ಎಂದು ಕೇಳಿದಾಗ ಬಹುತೇಕರು "ಮಾಲ್" ದೊಡ್ಡದೆಂದು ಹೇಳಿದರು.

ಪದಕ್ಕೂ ಅದರ ಅರ್ಥಕ್ಕೂ ಸಹಜ ಸಂಬಂಧವಿಲ್ಲ, ಅದು ಕೇವಲ ರೂಢಿ ಎಂಬುದು ಫರ್ಡಿನಾಂಡ್ ಡಿ ಸೊಸ್ಯೂರ್ ಅವರ ಪ್ರಸಿದ್ಧ ನಿಲುವು. ಅನುಕರಣ ಪದಗಳು ಇದಕ್ಕೆ ಅಪವಾದದಂತೆ ಕಂಡರೂ, ಅವು ಭಾಷೆಯಲ್ಲಿ ಕೆಲವೇ ಇವೆ, ಅವೂ ಭಾಷೆಯಿಂದ ಭಾಷೆಗೆ ಬದಲಾಗುತ್ತವೆ ಎಂದು ಅವರು ವಾದಿಸಿದ್ದರು. ಪಿಂಗ್ ಪದದ ನಂತರದ ಚರಿತ್ರೆ ಈ ಚರ್ಚೆಗೆ ಒಳ್ಳೆಯ ಉದಾಹರಣೆ: ಹುಟ್ಟಿನಲ್ಲಿ ಅದು ಸದ್ದಿಗೆ ಅಂಟಿಕೊಂಡಿತ್ತು, ಬಳಕೆಯಲ್ಲಿ ಸದ್ದನ್ನೇ ಕಳಚಿಕೊಂಡಿತು.

== ಕ್ರೀಡೆಯಲ್ಲಿ ==
=== ಪಿಂಗ್-ಪಾಂಗ್ ===
ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ರಾತ್ರಿಯ ಊಟದ ನಂತರ ಮೇಜಿನ ಮೇಲೆ ಟೆನಿಸ್ ಆಡುವ ಹವ್ಯಾಸ ಬೆಳೆಯಿತು. ಇದಕ್ಕೆ "ಗಾಸಿಮಾ", "ವಿಫ್-ವಾಫ್" ಮುಂತಾದ ಹೆಸರುಗಳಿದ್ದವು. 1900ರ ಸುಮಾರಿಗೆ ಸೆಲ್ಯುಲಾಯ್ಡ್ ಚೆಂಡು ಬಳಕೆಗೆ ಬಂದಿತು. ಮರದ ಚೌಕಟ್ಟಿಗೆ ಬಿಗಿದ ತೊಗಲಿನ ಬ್ಯಾಟಿಗೆ ಈ ಟೊಳ್ಳು ಚೆಂಡು ತಗುಲಿದಾಗ ಕೇಳುವ ಸದ್ದು "ಪಿಂಗ್" ಎಂದೂ, ಮೇಜಿಗೆ ಬಡಿದಾಗ ಕೇಳುವುದು "ಪಾಂಗ್" ಎಂದೂ ಜನ ಗುರುತಿಸಿದರು. 1900ರಲ್ಲಿ "ಪಿಂಗ್-ಪಾಂಗ್" ಎಂಬ ಹೆಸರು ಇಂಗ್ಲೆಂಡಿನಲ್ಲಿ ವ್ಯಾಪಾರ ಚಿಹ್ನೆಯಾಗಿ ನೋಂದಣಿಯಾಯಿತು. ಅಮೆರಿಕದಲ್ಲಿನ ಹಕ್ಕುಗಳು ಪಾರ್ಕರ್ ಬ್ರದರ್ಸ್ ಸಂಸ್ಥೆಗೆ ದೊರೆತವು.

ಹೆಸರು ಒಂದು ವ್ಯಾಪಾರ ಸಂಸ್ಥೆಯ ಸೊತ್ತಾದ ಕಾರಣ ಆಟದ ಸಂಘಟಕರು "ಟೇಬಲ್ ಟೆನಿಸ್" ಎಂಬ ಹೆಸರನ್ನು ಆರಿಸಿಕೊಂಡರು. 1926ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಕ್ಕೂಟವೂ ಇದೇ ಹೆಸರನ್ನು ಇಟ್ಟುಕೊಂಡಿತು. ಆದರೆ ಜನರ ಮಾತಿನಲ್ಲಿ ಸದ್ದಿನ ಹೆಸರೇ ಉಳಿಯಿತು. ಚೀನೀ ಭಾಷೆಯಲ್ಲಿ ಆಟದ ಹೆಸರು ಇಂದಿಗೂ "ಪಿಂಗ್‌ಪಾಂಗ್" ಎಂದೇ ಇದೆ. 1971ರ ಏಪ್ರಿಲ್‌ನಲ್ಲಿ ಅಮೆರಿಕದ ಟೇಬಲ್ ಟೆನಿಸ್ ತಂಡವು ಚೀನಾಕ್ಕೆ ಭೇಟಿ ನೀಡಿ, ಎರಡು ದೇಶಗಳ ನಡುವೆ ಎರಡು ದಶಕಗಳಿಂದ ಮುಚ್ಚಿದ್ದ ಬಾಗಿಲನ್ನು ತೆರೆಯಿತು. ಈ ಬೆಳವಣಿಗೆಗೆ "ಪಿಂಗ್-ಪಾಂಗ್ ರಾಜತಾಂತ್ರಿಕತೆ" ಎಂಬ ಹೆಸರು ಬಂದಿತು. ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರ ಫೆಬ್ರುವರಿಯಲ್ಲಿ ಚೀನಾಕ್ಕೆ ಭೇಟಿ ನೀಡಿದರು.

=== ಗಾಲ್ಫ್ ===
ಅಮೆರಿಕದ ಇಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ಹೊಸ ಬಗೆಯ ಗಾಲ್ಫ್ ದಾಂಡನ್ನು ತಯಾರಿಸಿದರು. ಚೆಂಡಿಗೆ ಹೊಡೆದಾಗ ಅದರ ಲೋಹದ ತಲೆಯಿಂದ ಬರುತ್ತಿದ್ದ ಸದ್ದನ್ನೇ ಹೆಸರಾಗಿಸಿ ಅದನ್ನು "ಪಿಂಗ್" ಎಂದು ಕರೆದರು. ಮುಂದೆ ಅದೇ ಅವರ ಸಂಸ್ಥೆಯ ಹೆಸರಾಯಿತು.

== ಸೋನಾರ್ ==
ಪಿಂಗ್ ಪದದ ಅರ್ಥವು ತಿರುವು ಪಡೆದದ್ದು ಸಮುದ್ರದಡಿಯಲ್ಲಿ. 1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದ ಬಳಿಕ, ಕಣ್ಣಿಗೆ ಕಾಣದ ಅಪಾಯವನ್ನು ಸದ್ದಿನ ಮೂಲಕ ಪತ್ತೆ ಮಾಡುವ ಪ್ರಯತ್ನಗಳು ಚುರುಕಾದವು. 1914ರಲ್ಲಿ ರೆಜಿನಾಲ್ಡ್ ಫೆಸೆಂಡನ್ ತಮ್ಮ ಕಂಪಕ ಯಂತ್ರದಿಂದ ನೀರಿನೊಳಗೆ ಸದ್ದನ್ನು ಕಳುಹಿಸಿ, ಹಿಮಗಡ್ಡೆಯಿಂದ ಮರಳಿದ ಪ್ರತಿಧ್ವನಿಯನ್ನು ಗುರುತಿಸಿ ತೋರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸತೊಡಗಿದಾಗ ಈ ಕೆಲಸಕ್ಕೆ ಇನ್ನಷ್ಟು ತುರ್ತು ಬಂದಿತು. ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜ್‌ವಾನ್ ಸ್ಫಟಿಕದ ಹರಳುಗಳನ್ನು ವಿದ್ಯುತ್ತಿನಿಂದ ಕಂಪಿಸಿ ತೀಕ್ಷ್ಣ ಧ್ವನಿಯನ್ನು ಉಂಟುಮಾಡುವ ವಿಧಾನವನ್ನು ರೂಪಿಸಿದರು. 1918ರಲ್ಲಿ ಜಲಾಂತರ್ಗಾಮಿಯಿಂದ ಮರಳಿದ ಪ್ರತಿಧ್ವನಿಯನ್ನು ಅವರು ದಾಖಲಿಸಿದರು. ಬ್ರಿಟಿಷರು ಇಂತಹ ಸಾಧನವನ್ನು "ಆಸ್ಡಿಕ್" ಎಂದು ಕರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರೂಪುಗೊಂಡ "ಸೋನಾರ್" ಎಂಬ ಹೆಸರು ಬಳಿಕ ಎಲ್ಲೆಡೆ ಸ್ಥಿರವಾಯಿತು.

ಸೋನಾರ್ ಯಂತ್ರವು ಕ್ಷಣಕಾಲದ ಧ್ವನಿಸ್ಪಂದವೊಂದನ್ನು ನೀರಿನೊಳಗೆ ಕಳುಹಿಸುತ್ತದೆ. ಈ ಸ್ಪಂದಕ್ಕೆ "ಪಿಂಗ್" ಎಂಬ ಹೆಸರು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಢಿಗೆ ಬಂದಿತು. ಸ್ಪಂದವು ಘನವಸ್ತುವಿಗೆ ತಾಗಿ ಮರಳಿದರೆ, ಹೋಗಿ ಬಂದ ಸಮಯದಿಂದ ದೂರವನ್ನು ಲೆಕ್ಕ ಹಾಕಬಹುದು. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಪ್ರತಿಧ್ವನಿ 2 ಸೆಕೆಂಡುಗಳ ನಂತರ ಮರಳಿತೆಂದರೆ ಆ ವಸ್ತು ಸುಮಾರು 1500 ಮೀಟರ್ ದೂರದಲ್ಲಿದೆ ಎಂದರ್ಥ. ಎದುರಿನ ವಸ್ತು ಸಮೀಪಿಸುತ್ತಿದ್ದರೆ ಪ್ರತಿಧ್ವನಿಯ ಸ್ಥಾಯಿ ಸ್ವಲ್ಪ ಏರುತ್ತದೆ, ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಅನುಭವಿ ಸಿಬ್ಬಂದಿ ಇದನ್ನು ಕಿವಿಯಿಂದಲೇ ಗುರುತಿಸುತ್ತಿದ್ದರು.

ಪಿಂಗ್ ಮಾಡುವುದರಲ್ಲಿ ಅಪಾಯವೂ ಇದೆ. ಕಳುಹಿಸಿದ ಸ್ಪಂದವು ಶತ್ರುವಿಗೂ ಕೇಳಿಸುತ್ತದೆ. ಕೇಳಿದವನು ತನ್ನ ಇರವನ್ನು ತಾನೇ ಪ್ರಕಟಿಸಿದಂತಾಗುತ್ತದೆ. ಈ ಕಾರಣದಿಂದ ಜಲಾಂತರ್ಗಾಮಿಗಳು ಸಾಮಾನ್ಯವಾಗಿ ಪಿಂಗ್ ಕಳುಹಿಸದೆ, ಬೇರೆಯವರ ಸದ್ದನ್ನು ಆಲಿಸುವ ವಿಧಾನವನ್ನೇ ಅವಲಂಬಿಸುತ್ತವೆ. ಈ ಹಂತದಲ್ಲಿ ಪದದ ಅರ್ಥಕ್ಕೆ ಮೂರು ಅಂಶಗಳು ಸೇರಿದವು: ಕಳುಹಿಸುವುದು, ಕಾಯುವುದು, ಮರಳಿದ್ದನ್ನು ಅಳೆಯುವುದು. ಮುಂದಿನ ಬಳಕೆಗಳೆಲ್ಲ ಇವುಗಳ ಮೇಲೆಯೇ ನಿಂತಿವೆ.

== ಕಂಪ್ಯೂಟರ್ ಜಾಲದಲ್ಲಿ ==
=== ಉಗಮ ===
ಕಂಪ್ಯೂಟರ್ ಜಾಲಗಳಲ್ಲಿ ಪಿಂಗ್ ಎಂದರೆ ಇನ್ನೊಂದು ಯಂತ್ರವು ತಲುಪುವ ಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸುವ ತಂತ್ರಾಂಶ. ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಇದನ್ನು 1983ರ ಡಿಸೆಂಬರ್‌ನಲ್ಲಿ ಬರೆದರು. ಪ್ರಯೋಗಾಲಯದ ಜಾಲವು ವಿಚಿತ್ರವಾಗಿ ವರ್ತಿಸುತ್ತಿದ್ದುದರ ಕಾರಣ ಹುಡುಕಲು ಅವರಿಗೆ ಒಂದು ಸಾಧನ ಬೇಕಾಗಿತ್ತು. ಅದೇ ವರ್ಷ ಡೇವ್ ಮಿಲ್ಸ್ ಅವರು ಪ್ರತಿಧ್ವನಿ ಸಂದೇಶಗಳಿಂದ ಜಾಲದ ವಿಳಂಬವನ್ನು ಅಳೆಯುವ ಕುರಿತು ಹೇಳಿದ್ದ ಮಾತು ಅವರ ನೆನಪಿನಲ್ಲಿತ್ತು. ತಂತ್ರಾಂಶವನ್ನು ಅವರು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದರು.

ಮೂಸ್ ವಿದ್ಯಾರ್ಥಿಯಾಗಿದ್ದಾಗ ಸೋನಾರ್ ಮತ್ತು ರೇಡಾರ್ ವ್ಯವಸ್ಥೆಗಳ ಮಾದರಿಗಳನ್ನು ರೂಪಿಸುವ ಕೆಲಸ ಮಾಡಿದ್ದರು. ತಂತ್ರಾಂಶದ ಹೆಸರನ್ನು ಸೋನಾರ್ ಸದ್ದಿನಿಂದಲೇ ತೆಗೆದುಕೊಂಡದ್ದಾಗಿ ಅವರು ಸ್ಪಷ್ಟಪಡಿಸಿದ್ದಾರೆ. "ಪ್ಯಾಕೆಟ್ ಇಂಟರ್‌ನೆಟ್ ಗ್ರೋಪರ್" ಎಂಬುದರ ಹ್ರಸ್ವರೂಪವೇ ಪಿಂಗ್ ಎಂಬ ವಿವರಣೆ ಹಲವು ಕಡೆ ಕಾಣಿಸುತ್ತದೆ. ಈ ವಿಸ್ತರಣೆಯನ್ನು ಸೂಚಿಸಿದವರು ಡೇವ್ ಮಿಲ್ಸ್. ಮೂಸ್ ತಮ್ಮ ತಂತ್ರಾಂಶಕ್ಕೆ ಹೆಸರಿಟ್ಟದ್ದು ಅದರಿಂದಲ್ಲ. ಮೂಸ್ 2000ದ ನವೆಂಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ಅವರ ತಂತ್ರಾಂಶವು ಇಂದು ಬಹುತೇಕ ಎಲ್ಲ ಕಾರ್ಯನಿರ್ವಹಣಾ ವ್ಯವಸ್ಥೆಗಳಲ್ಲಿ ಒಂದಲ್ಲ ಒಂದು ರೂಪದಲ್ಲಿದೆ.

=== ಕಾರ್ಯವಿಧಾನ ===
ಪಿಂಗ್ ತಂತ್ರಾಂಶವು ಐಸಿಎಂಪಿ ಎಂಬ ನಿಯಮಾವಳಿಯನ್ನು ಬಳಸುತ್ತದೆ. ಜಾನ್ ಪೋಸ್ಟೆಲ್ 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 792 ದಾಖಲೆಯಲ್ಲಿ ಇದರ ವಿವರಗಳಿವೆ. ಒಂದು ಕಂಪ್ಯೂಟರ್ "ಪ್ರತಿಧ್ವನಿ ಕೋರಿಕೆ" ಎಂಬ ಸಂದೇಶವನ್ನು ಕಳುಹಿಸುತ್ತದೆ. ಅದನ್ನು ಪಡೆದ ಕಂಪ್ಯೂಟರ್ ಅದೇ ದತ್ತಾಂಶವನ್ನು "ಪ್ರತಿಧ್ವನಿ ಉತ್ತರ" ಎಂಬ ಸಂದೇಶದಲ್ಲಿ ಹಿಂದಿರುಗಿಸುತ್ತದೆ. ಕೋರಿಕೆಯ ಸಂಕೇತ ಸಂಖ್ಯೆ 8, ಉತ್ತರದ್ದು 0. ಹೊಸ ತಲೆಮಾರಿನ ಐಪಿವಿ6 ವ್ಯವಸ್ಥೆಯಲ್ಲಿ ಇವು ಕ್ರಮವಾಗಿ 128 ಮತ್ತು 129.

ಸಂದೇಶ ಹೋಗಿ ಬರಲು ತಗುಲಿದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ತೋರಿಸಲಾಗುತ್ತದೆ. ಈ ಸಮಯಕ್ಕೆ ಪ್ರಕೃತಿಯೇ ಹಾಕಿದ ಮಿತಿಯಿದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುತ್ತದೆ. ಆದ್ದರಿಂದ 10,000 ಕಿಲೋಮೀಟರ್ ಉದ್ದದ ಮಾರ್ಗದಲ್ಲಿ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡು ಬೇಕೇ ಬೇಕು. ಆನ್‌ಲೈನ್ ಆಟಗಾರರು ಈ ವಿಳಂಬವನ್ನೇ "ಪಿಂಗ್" ಎಂದು ಕರೆಯುತ್ತಾರೆ. ಪಿಂಗ್ ಹೆಚ್ಚಾದಷ್ಟೂ ಆಟ ತಡವರಿಸುತ್ತದೆ.

ಉತ್ತರ ಬಾರದಿದ್ದರೆ ಎದುರಿನ ಯಂತ್ರ ಕೆಟ್ಟಿದೆ ಎಂದು ಖಚಿತವಾಗಿ ಹೇಳಲಾಗದು. ಕೋರಿಕೆ ದಾರಿಯಲ್ಲಿ ಕಳೆದುಹೋಗಿರಬಹುದು, ಉತ್ತರ ಕಳೆದುಹೋಗಿರಬಹುದು, ಇಲ್ಲವೇ ಸುರಕ್ಷತೆಯ ಕಾರಣದಿಂದ ಯಂತ್ರವು ಉತ್ತರಿಸದಂತೆ ಅದರ ನಿರ್ವಾಹಕರು ತಡೆದಿರಬಹುದು.

=== ಸದ್ದಿಗೆ ಮರಳಿದ ಪಿಂಗ್ ===
ಜಾಲದ ಪಿಂಗ್ ಸಂಪೂರ್ಣ ನಿಶ್ಶಬ್ದವಾದದ್ದು. ಆದರೆ ಬಳಕೆದಾರರೊಬ್ಬರು ಅದಕ್ಕೆ ಮತ್ತೆ ಸದ್ದು ಕೊಟ್ಟ ಪ್ರಸಂಗವನ್ನು ಮೂಸ್ ತಮ್ಮ ಬರಹದಲ್ಲಿ ಮೆಚ್ಚುಗೆಯಿಂದ ದಾಖಲಿಸಿದ್ದಾರೆ. ಕಟ್ಟಡವೊಂದರಲ್ಲಿ ಜಾಲದ ತಂತಿಯ ಯಾವುದೋ ಜೋಡಣೆ ಆಗಾಗ ಸಡಿಲವಾಗುತ್ತಿತ್ತು. ಆ ಬಳಕೆದಾರರು, ಪ್ರತಿ ಉತ್ತರ ಬಂದಾಗಲೂ ಕಂಪ್ಯೂಟರ್ "ಪಿಂಗ್" ಎಂದು ಜೋರಾಗಿ ನುಡಿಯುವಂತೆ ಮಾಡಿದರು. ಬಳಿಕ ಕಟ್ಟಡದೊಳಗೆ ಅಡ್ಡಾಡುತ್ತಾ ಒಂದೊಂದೇ ಜೋಡಣೆಯನ್ನು ಅಲುಗಾಡಿಸಿದರು. ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ ಅಲ್ಲಿ ದೋಷ ಸಿಕ್ಕಿತು.

=== ದುರ್ಬಳಕೆ ===
ನಿಯಮದ ಪ್ರಕಾರ ಜಾಲದ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 65,535 ಬೈಟ್. ಇದನ್ನು ಮೀರಿದ ಪಿಂಗ್ ಸಂದೇಶವನ್ನು ತುಂಡುಗಳಾಗಿ ಕಳುಹಿಸಿದರೆ, ತುಂಡುಗಳನ್ನು ಕೂಡಿಸುವಾಗ ಅಂದಿನ ಹಲವು ಕಂಪ್ಯೂಟರ್‌ಗಳು ಸ್ತಬ್ಧವಾಗುತ್ತಿದ್ದವು. 1990ರ ದಶಕದ ಉತ್ತರಾರ್ಧದಲ್ಲಿ ಬೆಳಕಿಗೆ ಬಂದ ಈ ದೋಷವನ್ನು "ಸಾವಿನ ಪಿಂಗ್" ಎಂದು ಕರೆಯಲಾಯಿತು. ಬಳಿಕ ಅದನ್ನು ಸರಿಪಡಿಸಲಾಯಿತು. ಒಂದೇ ಯಂತ್ರಕ್ಕೆ ಅಸಂಖ್ಯ ಪಿಂಗ್‌ಗಳನ್ನು ಕಳುಹಿಸಿ ಅದನ್ನು ದಣಿಸುವುದಕ್ಕೆ "ಪಿಂಗ್ ಪ್ರವಾಹ" ಎಂಬ ಹೆಸರಿದೆ.

== ವಿಮಾನಯಾನದಲ್ಲಿ ==
ವಿಮಾನದ "ಕಪ್ಪು ಪೆಟ್ಟಿಗೆ"ಗೆ ಜೋಡಿಸಿರುವ ಜಲಾಂತರ ಸೂಚಕ ಸಾಧನವನ್ನು "ಪಿಂಗರ್" ಎನ್ನುತ್ತಾರೆ. ನೀರು ತಗುಲಿದೊಡನೆ ಚಾಲೂ ಆಗುವ ಇದು 37.5 ಕಿಲೋಹರ್ಟ್ಸ್ ಆವರ್ತನದಲ್ಲಿ ಬಿಟ್ಟು ಬಿಟ್ಟು ಸ್ಪಂದಗಳನ್ನು ಹೊರಡಿಸುತ್ತದೆ. ಇದು ಮನುಷ್ಯನ ಕಿವಿಗೆ ಕೇಳಿಸದು. ಪತ್ತೆಗೆ ವಿಶೇಷ ಗ್ರಾಹಕಗಳು ಬೇಕು. ಹಳೆಯ ಸಾಧನಗಳ ಬ್ಯಾಟರಿ ಕನಿಷ್ಠ 30 ದಿನ ಬಾಳುವಂತೆ ರೂಪುಗೊಂಡಿತ್ತು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಪೆಟ್ಟಿಗೆಗಳು, ಪಿಂಗರ್‌ಗಳು ಮೌನವಾಗಿ ಬಹುಕಾಲದ ನಂತರ, 2011ರಲ್ಲಿ ಸಿಕ್ಕವು. ಈ ಅನುಭವದ ಹಿನ್ನೆಲೆಯಲ್ಲಿ ಬ್ಯಾಟರಿಯ ಅವಧಿಯನ್ನು 90 ದಿನಗಳಿಗೆ ಏರಿಸುವ ನಿಯಮ ರೂಪುಗೊಂಡಿತು.

2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್ 370 ವಿಮಾನವು 239 ಜನರೊಂದಿಗೆ ಕಣ್ಮರೆಯಾದಾಗ ಪಿಂಗ್ ಪದವು ಜಗತ್ತಿನಾದ್ಯಂತ ಸುದ್ದಿಯಲ್ಲಿ ಕೇಳಿಸಿತು, ಅದೂ ಎರಡು ಬೇರೆ ಅರ್ಥಗಳಲ್ಲಿ. ಮೊದಲನೆಯದು ಉಪಗ್ರಹದ ಪಿಂಗ್. ವಿಮಾನದ ಇತರ ಸಂಪರ್ಕಗಳು ನಿಂತುಹೋದ ಬಳಿಕವೂ ಇನ್ಮಾರ್ಸ್ಯಾಟ್ ಉಪಗ್ರಹ ವ್ಯವಸ್ಥೆಯು ಕೇಳಿದ "ಇದ್ದೀಯಾ?" ಎಂಬ ಕೋರಿಕೆಗೆ ವಿಮಾನದ ಯಂತ್ರವು ತಾನಾಗಿಯೇ ಉತ್ತರಿಸುತ್ತಿತ್ತು. ಆ ಉತ್ತರಗಳಲ್ಲಿ ಸ್ಥಳದ ಮಾಹಿತಿ ಇರಲಿಲ್ಲ. ಆದರೆ ಉತ್ತರ ಬರಲು ತಗುಲಿದ ಸಮಯದಿಂದ ಉಪಗ್ರಹಕ್ಕೂ ವಿಮಾನಕ್ಕೂ ಇದ್ದ ದೂರವನ್ನು ಲೆಕ್ಕಹಾಕಿ, ತಜ್ಞರು ಭೂಪಟದ ಮೇಲೆ ಚಾಪಗಳನ್ನು ಎಳೆದರು. ಮಲೇಷ್ಯಾದ ಸಮಯ ಬೆಳಿಗ್ಗೆ 8:19ಕ್ಕೆ ಬಂದ ಕೊನೆಯ ಸಂಕೇತದಿಂದ ದೊರೆತ ಚಾಪವನ್ನು "ಏಳನೆಯ ಚಾಪ" ಎನ್ನುತ್ತಾರೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ನಡೆದ ಶೋಧಕ್ಕೆ ಇದೇ ಆಧಾರವಾಯಿತು.

ಎರಡನೆಯದು ಪಿಂಗರ್‌ನ ಪಿಂಗ್. 2014ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಓಷನ್ ಶೀಲ್ಡ್ ಹಡಗು ನೀರಿನಡಿಯಿಂದ ಕೆಲವು ಸ್ಪಂದಗಳನ್ನು ಗ್ರಹಿಸಿದಾಗ, ಪ್ರಯಾಣಿಕರ ಬಂಧುಗಳಲ್ಲಿಯೂ ಶೋಧಕರಲ್ಲಿಯೂ ಭರವಸೆ ಮೂಡಿತು. ಆ ಭಾಗದ ಸಾಗರತಳವನ್ನು ಜಾಲಾಡಿದರೂ ಏನೂ ಸಿಗಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಆ ಪ್ರದೇಶವನ್ನು ಶೋಧದಿಂದ ಕೈಬಿಡಲಾಯಿತು. ಪಿಂಗ್ ಕೇಳಿಸಿತೆಂಬುದೇ ಉತ್ತರ ಸಿಕ್ಕಿತೆಂಬುದಕ್ಕೆ ಸಾಕ್ಷಿಯಾಗದು ಎಂಬುದನ್ನು ಈ ಘಟನೆ ತೋರಿಸಿತು.

== ಇಂಜಿನ್‌ಗಳಲ್ಲಿ ==
ಪೆಟ್ರೋಲ್ ಇಂಜಿನ್ನಿನ ಸಿಲಿಂಡರಿನಲ್ಲಿ ಇಂಧನವು ಕ್ರಮವಾಗಿ ಉರಿಯದೆ ಒಂದು ಭಾಗ ತಾನಾಗಿಯೇ ಸಿಡಿದಾಗ ಕೇಳಿಸುವ ಲೋಹದ ಸದ್ದನ್ನು ಅಮೆರಿಕದಲ್ಲಿ "ಪಿಂಗಿಂಗ್" ಎಂದೂ ಬ್ರಿಟನ್ನಿನಲ್ಲಿ "ಪಿಂಕಿಂಗ್" ಎಂದೂ ಕರೆಯುತ್ತಾರೆ. ಭಾರತದಲ್ಲಿ "ನಾಕಿಂಗ್" ಎಂಬ ಹೆಸರೇ ಪರಿಚಿತ. ಈ ಸದ್ದನ್ನು ತಡೆಯುವ ಪ್ರಯತ್ನಕ್ಕೆ ದೊಡ್ಡ ಬೆಲೆ ತೆರಬೇಕಾಯಿತು. 1921ರಲ್ಲಿ ಥಾಮಸ್ ಮಿಜ್ಲಿ ಅವರು ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಸದ್ದು ನಿಲ್ಲುತ್ತದೆಂದು ಕಂಡುಹಿಡಿದರು. ಸೀಸವು ನರಮಂಡಲಕ್ಕೆ, ವಿಶೇಷವಾಗಿ ಮಕ್ಕಳ ಮಿದುಳಿಗೆ, ಮಾರಕವಾದರೂ ದಶಕಗಳ ಕಾಲ ಅದು ಜಗತ್ತಿನ ರಸ್ತೆಗಳ ಗಾಳಿಯಲ್ಲಿ ಬೆರೆಯಿತು. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿತು. ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ಅದನ್ನು ಕೈಬಿಟ್ಟಿತು.

== ಆಡುಮಾತಿನಲ್ಲಿ ==
ಕಂಪ್ಯೂಟರ್ ತಂತ್ರಜ್ಞರ ಬಳಕೆಯಿಂದ ಈ ಪದವು ಕಚೇರಿಗಳ ಮಾತಿಗೆ ಬಂದಿತು. ಯಾರಿಗಾದರೂ "ಪಿಂಗ್ ಮಾಡು" ಎಂದರೆ ಚಿಕ್ಕ ಸಂದೇಶ ಕಳುಹಿಸಿ ಗಮನ ಸೆಳೆ ಎಂದರ್ಥ. ಪತ್ರದಂತೆ ಇದಕ್ಕೆ ಒಕ್ಕಣೆ ಬೇಕಿಲ್ಲ; ಎದುರಿನವರು ಲಭ್ಯರಿದ್ದಾರೆಯೇ ಎಂದು ತಿಳಿಯುವುದೇ ಮೊದಲ ಉದ್ದೇಶ.

ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಪದಕ್ಕೆ ಇನ್ನೊಂದು ಛಾಯೆ ಸೇರಿತು. ಸೋಂಕಿತರ ಸಮೀಪದಲ್ಲಿದ್ದವರಿಗೆ ಎಚ್ಚರಿಕೆ ಕಳುಹಿಸಿ ಮನೆಯಲ್ಲೇ ಇರಲು ಸೂಚಿಸುವ ಮೊಬೈಲ್ ಆ್ಯಪ್ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಳಕೆಯಲ್ಲಿತ್ತು. 2021ರ ಜುಲೈ ತಿಂಗಳಲ್ಲಿ ಒಂದೇ ವಾರದಲ್ಲಿ 6 ಲಕ್ಷಕ್ಕೂ ಹೆಚ್ಚು ಜನರಿಗೆ ಇಂತಹ ಸೂಚನೆ ಹೋಯಿತು. ಅಂಗಡಿ, ಕಾರ್ಖಾನೆಗಳಲ್ಲಿ ಕೆಲಸಗಾರರ ಕೊರತೆಯಾಯಿತು. ಪತ್ರಿಕೆಗಳು ಇದನ್ನು "ಪಿಂಗ್‌ಡೆಮಿಕ್" ಎಂದು ಕರೆದವು.

== ಕನ್ನಡದಲ್ಲಿ ==
ಸದ್ದನ್ನು ಅನುಕರಿಸುವ ಪದಗಳನ್ನು ಕನ್ನಡ ವ್ಯಾಕರಣವು ಅನುಕರಣಾವ್ಯಯ ಎಂದು ಗುರುತಿಸುತ್ತದೆ. ಠಣ್, ಟಿಣ್, ಘಲ್, ಸುಂಯ್, ಢಂ ಮುಂತಾದವು ಇದಕ್ಕೆ ಉದಾಹರಣೆಗಳು. ಲೋಹದ ಸಣ್ಣ ಸದ್ದಿಗೆ "ಟಿಣ್" ಎಂಬುದೂ ದೊಡ್ಡ ಸದ್ದಿಗೆ "ಠಣ್" ಅಥವಾ "ಢಣ್" ಎಂಬುದೂ ಬಳಕೆಯಾಗುವುದರಿಂದ, "ಇ" ಸ್ವರಕ್ಕೂ ಚಿಕ್ಕತನಕ್ಕೂ ಇರುವ ನಂಟು ಕನ್ನಡದಲ್ಲಿಯೂ ಕಾಣುತ್ತದೆ.

ಇಂಗ್ಲಿಷಿನಂತೆ ಈ ಅವ್ಯಯಗಳು ನೇರವಾಗಿ ಕ್ರಿಯಾಪದಗಳಾಗುವುದಿಲ್ಲ. "ಠಣ್ ಎಂದಿತು" ಎಂಬಲ್ಲಿ "ಎನ್ನು" ಧಾತುವಿನ ನೆರವು ಬೇಕು. "ಗುನುಗುಟ್ಟು", "ಪಿಸುಗುಟ್ಟು" ಎಂಬಲ್ಲಿ "ಗುಟ್ಟು" ಸೇರುತ್ತದೆ. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಚೇರಿಗಳ ಮೂಲಕ ಕನ್ನಡದ ಆಡುಮಾತಿಗೆ ಬಂದ ಪಿಂಗ್ ಪದವು ಈ ದಾರಿಯನ್ನು ಹಿಡಿಯಲಿಲ್ಲ. ಫೋನ್ ಮಾಡು, ಮೆಸೇಜ್ ಮಾಡು ಎಂಬಂತೆ ಅದು "ಪಿಂಗ್ ಮಾಡು" ಎಂದಾಯಿತು. "ಫೋನು ಪಿಂಗ್ ಎಂದಿತು" ಎಂದರೆ ಸದ್ದು. "ಅವಳು ಪಿಂಗ್ ಮಾಡಿದಳು" ಎಂದರೆ ಸಂದೇಶ. ಇಂಗ್ಲಿಷಿನಲ್ಲಿ ಒಂದೇ ರೂಪದಲ್ಲಿ ಬೆರೆತಿರುವ ಎರಡು ಅರ್ಥಗಳನ್ನು ಕನ್ನಡವು "ಎನ್ನು" ಮತ್ತು "ಮಾಡು" ಎಂಬ ಎರಡು ಧಾತುಗಳಿಂದ ಬೇರ್ಪಡಿಸಿಕೊಂಡಿದೆ.

== ಇವನ್ನೂ ನೋಡಿ ==
* ಅನುಕರಣಾವ್ಯಯ
* ಸೋನಾರ್
* ಟೇಬಲ್ ಟೆನಿಸ್
* ಪ್ರತಿಧ್ವನಿ
* ಕಂಪ್ಯೂಟರ್ ಜಾಲ